ಬ್ಯಾಟರಿ ಗೂಡಿನ ಅರಿಶಿನ ದಾರ

ನಾನು ಹೊಲಕ್ಕೆ ಔಷಧ ಹೊಡೆಯುವ ಒಂದು ಡ್ರೋನ್. ಆರು ರೆಕ್ಕೆ, ಹತ್ತು ಲೀಟರಿನ ಹೊಟ್ಟೆ, ಬೆನ್ನಿನಲ್ಲಿ ಬ್ಯಾಟರಿ ಕೂರುವ ಗೂಡು. ಹುಟ್ಟಿದ್ದು ಒಂದು ತಗಡಿನ ಶೆಡ್ಡಿನಲ್ಲಿ. ನನ್ನನ್ನು ಜೋಡಿಸಿದವನು ತರಬೇತಿಗೆ ಬಂದ ಹೆಂಗಸರ ಮುಂದೆ ಬ್ಯಾಟರಿಯನ್ನು ಗೂಡಿಗೆ ಇಳಿಸಿ, "ಟಕ್ ಅಂತ ಕೇಳ್ಬೇಕು. ಕೇಳ್ಲಿಲ್ಲ ಅಂದ್ರೆ ಹಾರಿಸ್ಬೇಡಿ" ಎಂದ. ನಾನು ಕೇಳಿದ ಮೊದಲ ಮಾತು ಅದೇ.

ಆ ಹೆಂಗಸರಲ್ಲಿ ಜಗದೇವಿ ಒಬ್ಬಳು. ಅವಳ ಜೊತೆ ಕಲಬುರಗಿ ಕಡೆಯ ಊರಿಗೆ ಬಂದೆ. ನನ್ನನ್ನು ಮಹಿಳಾ ಸಂಘಕ್ಕೆ ಕೊಟ್ಟಿದ್ದರು. ಹಾರಿಸುವ ಸರ್ಟಿಫಿಕೇಟು ಅವಳೊಬ್ಬಳಿಗೇ ಇತ್ತು. ಅವಳ ಅತ್ತೆ ಚಂದಮ್ಮನಿಗೆ ಇದು ಸೇರಿರಲಿಲ್ಲ. ಸೊಸೆ ತರಬೇತಿಗೆ ಹೋದಂದಿನಿಂದ ಮಾತು ಬಿಟ್ಟಿದ್ದಳು. ಒಂದೇ ಒಲೆ, ಒಂದೇ ಪಡಸಾಲೆ, ನಾಲ್ಕು ತಿಂಗಳು ಮಾತಿಲ್ಲ. ಜಗದೇವಿ ಊಟಕ್ಕೆ ಕರೆದರೆ ಮುದುಕಿ ಗೋಡೆಗೆ ಉತ್ತರ ಕೊಡುತ್ತಿದ್ದಳು. ನಾನು ಮೂಲೆಯಲ್ಲಿ ಕೂತು ನೋಡುತ್ತಿದ್ದೆ.

ಮಹಾನವಮಿಯಂದು ಊರಿನವರು ಟ್ರ್ಯಾಕ್ಟರು, ಕುಂಟೆ ತೊಳೆದು ಪೂಜೆ ಮಾಡಿದರು. ಚಂದಮ್ಮ ತಾನಾಗಿಯೇ ನನ್ನ ಬಳಿ ಬಂದು ವಿಭೂತಿ ಹಚ್ಚಿದಳು. ಅರಿಶಿನ ದಾರವನ್ನು ನನ್ನ ನಡುವಿಗೆ ಸುತ್ತಿ, ಬ್ಯಾಟರಿ ಗೂಡಿನೊಳಗಿಂದ ಹಾಯಿಸಿ ಗಂಟು ಹಾಕಿದಳು. ಸೊಸೆಯ ಮುಖ ನೋಡಿ, "ಇನ್ನ ಇದಕ್ಕ ಏನೂ ಆಗಂಗಿಲ್ಲ. ಹಾರಿಸವ್ವ" ಎಂದಳು. ಜಗದೇವಿ ಅತ್ತುಬಿಟ್ಟಳು.

ಮರುದಿನ ತೊಗರಿ ಹೊಲ. ಬ್ಯಾಟರಿ ಗಂಟಿನ ಮೇಲೆ ಕೂತಿತು, ಟಕ್ ಎನ್ನಲಿಲ್ಲ. ಜಗದೇವಿ ದಾರ ಹರಿಯಲು ಕೈ ಹಾಕಿದಳು, ಹಾಗೇ ಬಿಟ್ಟಳು. ಅಂಗೈಯಿಂದ ಬ್ಯಾಟರಿಯನ್ನು ಒತ್ತಿದಳು. ದೀಪ ಹತ್ತಿತು, ಹಾರಿದೆ. ನಾಲ್ಕನೇ ಸಾಲಿನಲ್ಲಿ ಬ್ಯಾಟರಿ ಅಲುಗಿ ಎಲ್ಲವೂ ಆರಿಹೋಯಿತು. ಬದುವಿನ ಹುಲ್ಲಿನ ಮೇಲೆ ಬಿದ್ದೆ. ಒಂದು ಕಾಲು ಸೊಟ್ಟಗಾಯಿತು, ಅಷ್ಟೇ. ಅವಳು ಅದನ್ನು ನೆಟ್ಟಗೆ ಮಾಡಿ ಬ್ಯಾಟರಿಯನ್ನು ಇನ್ನೂ ಜೋರಾಗಿ ಒತ್ತಿದಳು. ಗೂಡಿನಲ್ಲಿ ಸಡಿಲವಿದೆಯೆಂದು ನನಗೆ ಗೊತ್ತಿತ್ತು. ಗೊತ್ತಿದ್ದು ಏನು ಬಂತು?

ಮೂರನೇ ದಿನ ಬೇವಿನ ಮರ ದಾಟಲು ನನ್ನನ್ನು ಮೇಲೇರಿಸಿದಳು. ಮರದ ಆಚೆ ಮತ್ತೆ ಎಲ್ಲವೂ ಆರಿತು. ಬಾವಿಕಟ್ಟೆಗೆ ಅಪ್ಪಳಿಸಿದೆ. ನಾಲ್ಕು ರೆಕ್ಕೆ ಮುರಿದವು, ಹೊಟ್ಟೆ ಒಡೆದು ಔಷಧ ಹರಿಯಿತು. ನೋವಾಗಲಿಲ್ಲ, ನೋಯುವಂಥದ್ದು ನನ್ನಲ್ಲಿ ಏನೂ ಇಲ್ಲ. ಜನ ಬರುವ ಮೊದಲೇ ಜಗದೇವಿ ಓಡಿ ಬಂದು ದಾರವನ್ನು ಜಗ್ಗಿ ಹರಿದು, ಸೊಂಟಕ್ಕೆ ಸಿಕ್ಕಿಸಿಕೊಂಡಳು.

ನನ್ನನ್ನು ತಯಾರಿಸಿದ ಕಂಪನಿಯ ಸಾಹೇಬರು ಬಂದು ಗೂಡಿನೊಳಗೆ ಟಾರ್ಚ್ ಹಿಡಿದರು. "ಬ್ಯಾಟರಿ ಪೂರಾ ಕೂತಿದ್ದಿಲ್ಲ. ಟಕ್ ಅಂತ ಕೇಳಿಸಿತ್ತೇನಮ್ಮ?"

"ಇಲ್ರಿ. ನಂದೇ ತಪ್ಪು" ಎಂದಳು.

ಸರ್ಟಿಫಿಕೇಟು ವಾಪಸು ಹೋಯಿತು. ನನ್ನ ಮೋಟರುಗಳನ್ನು ಬಿಚ್ಚಿಕೊಂಡು ಹೋದರು. ಉಳಿದ ನಾನು ಸಂಘದ ಕೋಣೆಯಲ್ಲಿ ಖಾಲಿ ಚೀಲಗಳ ಪಕ್ಕ ಇದ್ದೇನೆ. ಜಗದೇವಿ ಬೆನ್ನಿಗೆ ಪಂಪು ಕಟ್ಟಿಕೊಂಡು ಬೇರೆಯವರ ಹೊಲಕ್ಕೆ ಔಷಧ ಹೊಡೆಯುತ್ತಾಳೆ. ಅತ್ತೆ ಸೊಸೆ ಈಗ ಮಾತಾಡುತ್ತಾರೆ.

ಮೊನ್ನೆ ಇಬ್ಬರೂ ಕೋಣೆ ಗುಡಿಸಲು ಬಂದಿದ್ದರು. ಚಂದಮ್ಮ ನನ್ನ ನಡು ತಡವಿದಳು.

"ನಾ ಕಟ್ಟಿದ ದಾರ ಎಲ್ಲಿ ಹೋಯ್ತು?"

"ಎಲ್ಲೋ ಹರಿದು ಬಿದ್ದಿರಬೇಕ್ರಿ ಅತ್ತಿ."

"ಅದಕ್ಕೇ ಬಿತ್ತು ನೋಡು ಇದು. ದಾರ ಇದ್ದಿದ್ರ ಬೀಳ್ತಿದ್ದಿಲ್ಲ."

"ಹೌದ್ರಿ."

ಮುದುಕಿ ಸೆರಗಿನ ತುದಿಯಿಂದ ಹೊಸ ದಾರ ಬಿಚ್ಚಿ, ಅದೇ ಗೂಡಿನೊಳಗಿಂದ ಹಾಯಿಸಿದಳು. ಗಂಟು ಬಿಗಿಯಾಗಲೆಂದು ಜಗದೇವಿ ಅದರ ಮೇಲೆ ಬೆರಳಿಟ್ಟು ಒತ್ತಿ ಹಿಡಿದಳು.