ಗಿರಣಿ ಓಣಿಯ ಜರೀಗಿಡ

ಹೆಡ್ಲಿ ಲಸ್ಕಂಬ್ ತನ್ನ ಜರೀಗಿಡದ ಕುಂಡವನ್ನು ಪ್ರದರ್ಶನದ ಮೇಜಿನ ಮೇಲಿಟ್ಟು, ಒದ್ದೆ ಬಟ್ಟೆಯಿಂದ ಒಂದೊಂದೇ ಎಲೆಯನ್ನು ಒರೆಸಿದ. ನಾಲಿಗೆಯಂತೆ ಉದ್ದಕ್ಕೆ ಚಾಚಿದ ಎಲೆ. ಅಂಚಿಗೆ ಮಾತ್ರ ಲಂಗಕ್ಕಿಟ್ಟ ಹಾಗೆ ಒತ್ತಾದ ನೆರಿಗೆ. ಡೆವನ್ ಸೀಮೆಯ ಓಣಿಗಳ ಬೇಲಿದಿಬ್ಬಗಳನ್ನು ನಲವತ್ತು ವರ್ಷ ಜಾಲಾಡಿದ ಅವನ ಕಣ್ಣಿಗೆ ಇಂಥದ್ದು ಬಿದ್ದಿರಲಿಲ್ಲ. ಇದನ್ನು ಮೊದಲು ಕಂಡವಳು ಪಕ್ಕದ ಮನೆಯ ಥರ್ಜಾ ಯೆಲೆಂಡ್. ಮಾರ್ಚಿನಲ್ಲಿ ಅವನನ್ನು ಗಿರಣಿ ಓಣಿಗೆ ಕರೆದೊಯ್ದು ತೋರಿಸಿ, "ಯಾರ ಹತ್ರಾನೂ ಬಾಯಿ ಬಿಡ್ಬೇಡ ಕಣೋ" ಎಂದಿದ್ದಳು.

ಅಪರೂಪದ ಗಿಡ ಸಿಕ್ಕರೆ ಬುಡ ಸೀಳಿ ಅರ್ಧ ತರಬೇಕು, ಅರ್ಧ ದಿಬ್ಬದಲ್ಲೇ ಬಿಡಬೇಕು ಎಂಬುದು ಆ ಕಡೆಯ ಜರೀಗಿಡ ಹುಡುಕುವವರ ಕಟ್ಟಳೆ. ಕಂಡುಹಿಡಿದವರ ಹೆಸರೇ ಗಿಡಕ್ಕೆ. ಸೀಳಿದರೆ ಈ ವರ್ಷದ ಪ್ರದರ್ಶನಕ್ಕೆ ಸೊರಗೀತೆಂದು ಹೆಡ್ಲಿ ಇಡೀ ಬುಡವನ್ನೇ ಗುಟ್ಟಾಗಿ ಕಿತ್ತು ತಂದಿದ್ದ.

ತೀರ್ಪುಗಾರ ನಾರ್ತ್‌ಕಾಟ್ ಕನ್ನಡಕ ಏರಿಸಿ ಬಗ್ಗಿದ. "ಏನ್ರೀ ಲಸ್ಕಂಬ್, ಇಷ್ಟು ದಿನ ಈ ಮಹಾರಾಣೀನ ಎಲ್ಲಿ ಬಚ್ಚಿಟ್ಟಿದ್ರಿ?"

"ಗಿರಣಿ ಓಣೀಲಿ ಸಿಕ್ತು."

"ನಿಮಗೇ ಸಿಕ್ಕಿದ್ದು ತಾನೇ? ಅರ್ಧ ಅಲ್ಲೇ ಇದೆಯಲ್ಲ?"

"ಹೂಂ," ಎಂದ ಹೆಡ್ಲಿ.

ನಾರ್ತ್‌ಕಾಟ್ ಚೀಟಿಯ ಮೇಲೆ 'ಲಸ್ಕಂಬ್' ಎಂದು ಬರೆಯತೊಡಗಿದ. ಅಷ್ಟರಲ್ಲಿ ಚಹಾದ ತಟ್ಟೆ ಹಿಡಿದು ಬಂದಿದ್ದ ಥರ್ಜಾಳ ಮುಖ ಅರಳಿತು.

"ಅರ್ಧ ಉಳ್ಕೊಂಡಿದ್ಯೇನೋ? ಬುಡಾನೇ ಇಲ್ದಿದ್ದು ನೋಡಿ, ಮೊಲ ಕೆರೆದು ಹಾಕ್ತು ಅಂತ ನಾನು ಅತ್ತುಬಿಟ್ಟಿದ್ದೆ! ಬೇರಿನ ಚೂರಾದ್ರೂ ಚಿಗುರ್ಲಿ ಅಂತ ಬೇಸಿಗೆಯೆಲ್ಲಾ ಆ ಗುಂಡಿಗೆ ನೀರು ಹೊತ್ತೆ. ಆ ಅರ್ಧಾನ ದಿಬ್ಬದಲ್ಲಿ ಬೇರೆಲ್ಲಿ ನೆಟ್ಟಿದ್ದೀಯೋ, ತೋರ್ಸು."

"ಈ ಮಂಡಿನೋವಲ್ಲೇ?" ಎಂದು ಯಾರೋ ನಕ್ಕರು. ಅವಳೂ ನಕ್ಕಳು.

ಹೆಡ್ಲಿಯ ಕಿವಿ ಕಾದುಹೋಯಿತು. ಆ ಗುಡ್ಡದ ಓಣಿಯಲ್ಲಿ ಎಂಬತ್ತರ ಮುದುಕಿ ಕೊಡ ಹಿಡಿದು ಏರಿದ್ದನ್ನು ಅವನು ತನ್ನ ಕಿಟಕಿಯಿಂದಲೇ ನೋಡಿದ್ದ. ಎಲ್ಲಿಗೆಂದು ಗೊತ್ತಿದ್ದೂ ಪರದೆ ಎಳೆದಿದ್ದ.

"ಅರ್ಧ ಇಲ್ಲ, ಥರ್ಜಾ. ಪೂರ್ತಿ ನಾನೇ ಕಿತ್ತೆ," ಎಂದ ಹೆಡ್ಲಿ. "ಕಂಡುಹಿಡಿದವಳೂ ನೀನೇ."

ನಾರ್ತ್‌ಕಾಟ್ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡು ಮುಂದಿನ ಮೇಜಿಗೆ ಸರಿದ.

ಥರ್ಜಾ ಗಿಡವನ್ನು ನೋಡಲಿಲ್ಲ. ತಟ್ಟೆ ಕೆಳಗಿಟ್ಟು, ಒಂದು ಲೋಟಕ್ಕೆ ಚಹಾ ಬಗ್ಗಿಸಿದಳು. ಮೂವತ್ತು ವರ್ಷದಿಂದ ಕೇಳದೆಯೇ ಅವನಿಗೆ ಎರಡು ಚಮಚ ಸಕ್ಕರೆ ಹಾಕುತ್ತಿದ್ದವಳು, ಚಮಚವನ್ನು ಕೈಯಲ್ಲೇ ಹಿಡಿದು ನಿಂತಳು.

"ಲಸ್ಕಂಬ್ ಅವರೇ," ಎಂದಳು, "ಸಕ್ಕರೆ ಹಾಕ್ಬೇಕಾ?"