ಮೊದಲ ಗುಟುಕು

ಚಹಾಕ್ಕೆ ಸಕ್ಕರೆ ಯಾವಾಗ ಬೀಳಬೇಕು ಎಂಬುದು ಆ ಮನೆಯ ಮಟ್ಟಿಗೆ ರಾಜ್ಯಭಾರದ ಪ್ರಶ್ನೆ. ಅರ್ಧ ಊರನ್ನು ಹೆದರಿಸಿ ಇಟ್ಟುಕೊಂಡಿದ್ದ ಯಜಮಾನ ಹೆದರುತ್ತಿದ್ದುದು ವಿಷಕ್ಕೆ ಮಾತ್ರ. ಆದ್ದರಿಂದ ಅವನ ಲೋಟದ ಮೊದಲ ಗುಟುಕು ಬಾಮೈದನ ಪಾಲು. ಬಾಮೈದನಿಗೆ ಸಿಹಿ ಸೇರದು. ಹಾಗಾಗಿ ಅವನ ಗುಟುಕು ಮುಗಿದ ಮೇಲೆಯೇ ಸಕ್ಕರೆ. ಸಕ್ಕರೆ ಡಬ್ಬಿಗೊಂದು ಪುಟ್ಟ ಬೀಗ, ಕೀಲಿ ಹೆಂಡತಿಯ ಹತ್ತಿರ. ಹೆಂಡತಿಯನ್ನು ಅನುಮಾನಿಸುವಷ್ಟು ಧೈರ್ಯ ಯಜಮಾನನಿಗೂ ಇರಲಿಲ್ಲ.

ಕಳೆದ ವಾರ ಅವನು ತನ್ನ ಡ್ರೈವರನನ್ನು ಬರೀ ಗುಮಾನಿಯ ಮೇಲೆ ಮುಗಿಸಿದ್ದ. ಆಮೇಲೆ ಅವನ ಕಣ್ಣು ಬಾಮೈದನ ಮೇಲೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲತೊಡಗಿತು. ಮುಂದಿನ ಸರದಿ ತನ್ನದೇ ಎಂದು ಬಾಮೈದನಿಗೆ ಖಾತ್ರಿಯಾಯಿತು. ಅನ್ನ ಇಳಿಯದು, ನಿದ್ದೆ ಹತ್ತದು. ಇವತ್ತು ಬೆಳಿಗ್ಗೆ ಅಕ್ಕ ಸ್ನಾನಕ್ಕೆ ಹೋದಾಗ ಕೀಲಿ ತೆಗೆದು, ಸಕ್ಕರೆಗೆ ಇಲಿಪಾಷಾಣ ಬೆರೆಸಿ, ಕೀಲಿಯನ್ನು ಇದ್ದಲ್ಲೇ ಇಟ್ಟಿದ್ದ.

ಈಗ ಮೂವರೂ ಮೇಜಿನ ಸುತ್ತ ಕೂತಿದ್ದರು. ಬಾಮೈದ ಗುಟುಕು ಕುಡಿದು ಲೋಟ ಸರಿಸಿದ. ಅವನ ಕಾಲು ತನ್ನಷ್ಟಕ್ಕೆ ಕುಣಿಯುತ್ತಿತ್ತು.

"ಏನಪ್ಪಾ, ಮೇಜು ನಡುಗಿಸ್ತಿದ್ದೀಯ? ಪರೀಕ್ಷೆಗೆ ಕೂತಿದ್ದೀಯಾ?"

"ಕಾಲು ಜೋಮು ಹಿಡಿದಿದೆ ಭಾವ."

"ಜೋಮು ಹಿಡಿದ ಕಾಲು ಕುಣಿಯಲ್ಲ ಕಣೋ."

ಯಜಮಾನ ಡಬ್ಬಿಗೆ ಕೈ ಚಾಚಿದ. ಅಕ್ಕ ಅದನ್ನು ತನ್ನತ್ತ ಎಳೆದುಕೊಂಡಳು.

"ಇವತ್ತಿಂದ ನಿಮಗೆ ಸಕ್ಕರೆ ಬಂದ್. ಡಾಕ್ಟರು ಖಡಾಖಂಡಿತ ಹೇಳಿದ್ದಾರೆ."

"ಆ ಡಾಕ್ಟರು ನಮ್ಮ ಹುಡುಗರನ್ನ ನೋಡಿಲ್ಲ ಅನ್ಸುತ್ತೆ."

"ನೋಡಿದ್ದಾರೆ. ಅದಕ್ಕೇ ನಿಮಗೆ ಹೇಳದೆ ನನಗೆ ಹೇಳಿದ್ರು. ಸುಮ್ನೆ ಕುಡೀರಿ."

ಊರು ನಡುಗಿಸುವ ಮನುಷ್ಯ ಮುಖ ಸಣ್ಣದು ಮಾಡಿಕೊಂಡು ಸಪ್ಪೆ ಚಹಾ ಹೀರಿದ. ಅಷ್ಟರಲ್ಲಿ ಅಕ್ಕ ತನ್ನ ಲೋಟಕ್ಕೆ ಎರಡು ಚಮಚ ಸುರಿದು ಕಲಕತೊಡಗಿದಳು.

"ಅಕ್ಕ, ನೀನು ಸಕ್ಕರೆ ಬಿಟ್ಟಿದ್ದೆಯಲ್ಲ?"

"ಇವರ ಪಾಲು ದಂಡ ಆಗೋದು ಬೇಡ ಅಂತ ಮತ್ತೆ ಹಿಡಿದೆ."

"ಬೇಡಕ್ಕ, ದಪ್ಪ ಆಗ್ತೀಯ."

"ಆದ್ರೆ ನಿನ್ನ ತಲೆ ಮೇಲೇನೂ ಕೂರಲ್ಲ ಬಿಡು."

ಚಮಚ ಲೋಟದೊಳಗೆ ಟಣಟಣ ಸುತ್ತಿತು, ನಿಂತಿತು. ಅಮ್ಮ ಹೋದ ಮೇಲೆ ಅವನಿಗೆ ತುತ್ತು ತಿನ್ನಿಸಿ ದೊಡ್ಡವನನ್ನಾಗಿ ಮಾಡಿದ ಕೈ ಅದು. ಆ ಕೈ ಲೋಟ ಎತ್ತಿ ತುಟಿಗೆ ತಂದಿತು.

ಬಾಮೈದ ಲೋಟಕ್ಕೆ ಹೊಡೆದ. ಅದು ಗೋಡೆಗೆ ಬಡಿದು ಉರುಳಿತು.

ಯಜಮಾನ ಡಬ್ಬಿಯನ್ನು ನೋಡಿದ, ಚೆಲ್ಲಿದ ಚಹಾವನ್ನು ನೋಡಿದ. ಆಮೇಲೆ ಬಹಳ ಮೆತ್ತಗೆ, ಡ್ರೈವರನನ್ನು ಮಾತಾಡಿಸಿದ್ದ ಅದೇ ದನಿಯಲ್ಲಿ, ಹೆಂಡತಿಯನ್ನು ಕೇಳಿದ:

"ಕೀಲಿ ನಿನ್ನ ಹತ್ರಾನೇ ಇತ್ತಲ್ವಾ?"

ಅಕ್ಕ ಸೆರಗಿನ ಗಂಟಿನಲ್ಲಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ವಿಷ ಬೆರೆಸುವಾಗ ಬಾಮೈದ ಎಲ್ಲವನ್ನೂ ಲೆಕ್ಕ ಹಾಕಿದ್ದ. ಆ ಡಬ್ಬಿಯ ಅಪವಾದ ಯಾರ ತಲೆಗೆ ಬರುತ್ತದೆ ಎಂಬುದೊಂದನ್ನು ಬಿಟ್ಟು.

"ಅವಳಿಗೆ ಗೊತ್ತಿಲ್ಲ ಭಾವ," ಅಂದ. "ತೆಗೆದಿದ್ದು ನಾನು."

ಕಾಲು ಕುಣಿಯುವುದು ನಿಂತಿತು.

ಸಂಜೆ ಮೊದಲ ಗುಟುಕು ಕುಡಿಯಲು ಹೊಸಬನೊಬ್ಬ ಬಂದ.