ಸೋಮವಾರದ ಟೇಪು

ಬೆಳಿಗ್ಗೆ ಎಂಟೂಕಾಲಿಗೆ ಸರ್ವರ್ ಕೋಣೆಯ ಬಾಗಿಲು ತೆಗೆದವಳಿಗೆ ಮೊದಲು ಕಂಡಿದ್ದು ಟೇಪ್ ಡ್ರೈವಿನ ಹಳದಿ ದೀಪ. ಅದು ಹಸಿರಾಗಿರಬೇಕಿತ್ತು. ಕೈಚೀಲವನ್ನು ಕುರ್ಚಿಯ ಮೇಲಿಡುವ ಮೊದಲೇ ಅವಳಿಗೆ ತಿಳಿಯಿತು, ಇವತ್ತೂ ಕೈಕೊಟ್ಟಿದೆ. ಪರದೆಯ ಮೇಲೆ ಬಾಯಿಪಾಠವಾಗಿಹೋಗಿದ್ದ ಅದೇ ಸಾಲು: ಟೇಪಿನಲ್ಲಿ ದೋಷ, ಬ್ಯಾಕಪ್ ಅರ್ಧಕ್ಕೆ ನಿಂತಿದೆ.

ಅದೊಂದು ದೊಡ್ಡ ಆಸ್ಪತ್ರೆ. ಅಲ್ಲಿ ತೆಗೆಯುವ ಎಕ್ಸ್‌ರೇ, ಸ್ಕ್ಯಾನ್ ಎಲ್ಲವೂ ನೆಲಮಹಡಿಯ ಈ ಕೋಣೆಯ ಸರ್ವರ್‌ಗೆ ಬಂದು ಸೇರುತ್ತಿದ್ದವು. ಸರ್ವರ್ ಯಾವತ್ತಾದರೂ ಕೆಟ್ಟು ಕೂತರೆ ರೋಗಿಗಳ ಚಿತ್ರಗಳು ಮಣ್ಣುಪಾಲಾಗದಿರಲಿ ಎಂದು ದಿನವೂ ಒಂದು ನಕಲು ಟೇಪಿಗೆ ಹೋಗಬೇಕು. ಅಂಗೈಯಗಲದ ಚೌಕ ಡಬ್ಬಿಯಂಥ ಟೇಪು, ಒಳಗೆ ಸುತ್ತಿಟ್ಟ ಕಪ್ಪು ಪಟ್ಟಿ. ಅದನ್ನು ಡ್ರೈವಿನ ಬಾಯಿಗಿಡುವುದು, ತೆಗೆಯುವುದು, ನಂಬರು ಬರೆದಿಡುವುದು ಒಂಬತ್ತು ವರ್ಷದಿಂದ ಅವಳ ಕೆಲಸ. ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸರ್ವರ್ ಮೇಡಂ ಎನ್ನುತ್ತಿದ್ದರು. ಪಕ್ಕದ ಮನೆಯವರು ಅದನ್ನು ಕೇಳಿಸಿಕೊಂಡು, ಇವಳು ಕ್ಯಾಂಟೀನಿನಲ್ಲಿ ಊಟ ಬಡಿಸುವವಳು ಎಂದೇ ಬಹಳ ದಿನ ತಿಳಿದಿದ್ದರು. ತಿದ್ದುವಷ್ಟು ಉಸಾಬರಿ ಅವಳಿಗೂ ಬೇಕಿರಲಿಲ್ಲ.

ಈ ಕಾಟ ಶುರುವಾಗಿ ಹನ್ನೊಂದು ವಾರವಾಗಿತ್ತು. ಮೊದಲು ಡ್ರೈವಿನೊಳಗೆ ಧೂಳು ಕೂತಿರಬೇಕೆಂದು ಶುಚಿ ಮಾಡುವ ಟೇಪು ಹಾಕಿದಳು. ಎರಡು ದಿನ ಸರಿಯಾಯಿತು, ಮತ್ತೆ ಕೆಟ್ಟಿತು. ಕೇಬಲ್ ಬದಲಾಯಿಸಿದಳು. ಸಾಫ್ಟ್‌ವೇರ್ ಹೊಸದು ಹಾಕಿದಳು. ಕಂಪನಿಯ ಎಂಜಿನಿಯರ್ ಮೂರು ಸಲ ಬಂದ. ಮೂರನೇ ಸಲ, "ಡ್ರೈವೇ ಹೋಗಿದೆ ಮೇಡಂ, ಇದರ ಕಥೆ ಮುಗೀತು" ಎಂದು ಇಡೀ ಡ್ರೈವನ್ನೇ ಬದಲಾಯಿಸಿ, ಸಹಿ ಹಾಕಿಸಿಕೊಂಡು ಹೋದ. ಒಂಬತ್ತು ದಿನ ಹಸಿರು ದೀಪ ಉರಿಯಿತು. ಹತ್ತನೇ ದಿನ ಹಳದಿ.

ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತು ಕೇಳುತ್ತಿದ್ದರು: "ಇವತ್ತಾದ್ರೂ ಆಯ್ತೇನ್ರೀ?" ಅವಳು ತಲೆ ಅಲ್ಲಾಡಿಸುತ್ತಿದ್ದಳು. ಅವರು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸುತ್ತಿತ್ತು.

ಮನೆಗೆ ಹೋದರೆ ಅಲ್ಲಿ ಅತ್ತಿಗೆ. ಗಂಡನ ಅಕ್ಕ. ಬಟ್ಟೆ ಹೊಲಿಯುವವರು, ಬಲಗೈ ಮಣಿಕಟ್ಟು ಮುರಿದು, ಪ್ಲಾಸ್ಟರ್ ಹಾಕಿಸಿಕೊಂಡು ತಮ್ಮನ ಮನೆಗೆ ಬಂದಿದ್ದರು. ತಮ್ಮನೋ ಲಾರಿ ಓಡಿಸುವವನು, ವಾರಕ್ಕೊಮ್ಮೆ ಮುಖ ತೋರಿಸಿದರೆ ಹೆಚ್ಚು. ಹಾಗಾಗಿ ಅತ್ತಿಗೆಗೆ ತಲೆ ಬಾಚುವುದು, ಗುಂಡಿ ಹಾಕುವುದು, ಊಟ ಕಲಸಿಕೊಡುವುದು ಎಲ್ಲ ಅವಳ ತಲೆಗೇ ಬಿದ್ದಿತ್ತು. ಕೈ ಕಟ್ಟಿಹಾಕಿದ್ದರೂ ಅತ್ತಿಗೆಯ ಬಾಯಿಗೆ ಯಾರೂ ಪ್ಲಾಸ್ಟರ್ ಹಾಕಿರಲಿಲ್ಲ.

"ಹಾಡಿತಾ ನಿನ್ನ ಟೇಪು?" ಅಂದು ಸಂಜೆ ಅವರು ಕೇಳಿದರು.

"ಅದು ಹಾಡೋ ಟೇಪಲ್ಲ ಅಂತ ಎಷ್ಟು ಸಲ ಹೇಳ್ಲಿ ಅತ್ತಿಗೆ? ತಲೆ ನೆಟ್ಟಗೆ ಇಟ್ಕೊಳ್ಳಿ, ಜಡೆ ಸೊಟ್ಟ ಆಗತ್ತೆ."

"ಆಗ್ಲಿ ಬಿಡು, ನನ್ನನ್ನ ಯಾರು ನೋಡ್ತಾರೆ. ಅಲ್ಲ, ನೀನು ಅಷ್ಟು ದಿನದಿಂದ ಮಿಷನ್ನು ಮಿಷನ್ನು ಅಂತಿದೀಯಲ್ಲ, ಬಾಬಿನ್ ನೋಡಿದ್ಯಾ?"

"ಯಾವ ಬಾಬಿನ್ನು?"

"ಹೊಲಿಗೆ ಮಿಷನ್ನಿಗೆ ಹಾಕೋ ದಾರದ ಉರುಳೆ ಕಣೇ. ನನ್ನ ಹತ್ರ ಕೆಲಸ ಕಲಿಯೋಕೆ ಬಂದ ಹುಡುಗೀರೂ ಹೀಗೇ. ದಾರ ತುಂಡಾಯ್ತು ಅಂದ್ರೆ ಮಿಷನ್ ಕೆಟ್ಟಿದೆ ಅಂತ ಬಿಚ್ಚಿ ಹರಡ್ಕೊಂಡು ಕೂರ್ತಾರೆ. ಯಾವ ಬಾಬಿನ್ ಹಾಕ್ದಾಗ ತುಂಡಾಗತ್ತೆ ಅಂತ ನೋಡಲ್ಲ. ನಿಂದು ಎಲ್ಲಾ ಟೇಪೂ ಕೆಡುತ್ತಾ, ಯಾವುದೋ ಒಂದೆರಡು ಕೆಡುತ್ತಾ?"

ಬಾಚಣಿಗೆ ಹಿಡಿದ ಕೈ ಅಲ್ಲೇ ನಿಂತಿತು. ತಪ್ಪು ಯಾವ ದಿನ ಆಯಿತು, ಎಷ್ಟು ಗಂಟೆಗೆ ಆಯಿತು ಎಂದು ಅವಳು ಬರೆದಿಟ್ಟಿದ್ದಳು. ಆಗ ಒಳಗಿದ್ದ ಟೇಪು ಯಾವುದು ಎಂದು ಜೋಡಿಸಿ ನೋಡಿರಲಿಲ್ಲ. ಹೊಸ ಡ್ರೈವು ಬಂದ ಮೇಲಂತೂ ಯೋಚನೆಯೇ ನಿಂತುಹೋಗಿತ್ತು.

ಮರುದಿನ ತಪ್ಪು ಬರೆದಿಟ್ಟ ಪುಸ್ತಕ, ಟೇಪಿನ ನಂಬರು ಬರೆದಿಟ್ಟ ಪುಸ್ತಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡು ಕುಳಿತಳು. ಮೊದಲು ಏನೂ ತೋಚಲಿಲ್ಲ. ತಪ್ಪುಗಳು ಸೋಮವಾರವೂ ಇದ್ದವು, ಮಂಗಳವಾರವೂ ಇದ್ದವು, ಒಂದೆರಡು ಗುರುವಾರವೂ. ಆದರೆ ಪ್ರತಿ ಸಲ ಕಾಟ ಶುರುವಾಗುತ್ತಿದ್ದದ್ದು ಮಾತ್ರ ಸೋಮವಾರ ಹಾಕಿದ ಟೇಪಿನಿಂದ. ಆಗ ಅವಳಿಗೆ ಹೊಳೆಯಿತು. ಹಾಳಾದ ಟೇಪು ಡ್ರೈವಿನೊಳಗೆ ಪುಡಿ ಉದುರಿಸಿ ಹೋಗುತ್ತಿತ್ತು. ಆಮೇಲೆ ಒಳ್ಳೆಯ ಟೇಪು ಹಾಕಿದರೂ ಡ್ರೈವು ತಡವರಿಸುತ್ತಿತ್ತು. ಶುಚಿ ಮಾಡಿದರೆ ಸರಿ, ಮುಂದಿನ ಕೆಟ್ಟ ಟೇಪು ಬರುವ ತನಕ.

ಉಳಿದ ದಿನಗಳ ಟೇಪುಗಳು ಇದೇ ಕೋಣೆಯ ಬೀರುವಿನಲ್ಲಿ ಇರುತ್ತಿದ್ದವು. ಸೋಮವಾರದವು ಮಾತ್ರ ಹೊರಗೆ ಹೋಗುತ್ತಿದ್ದವು. ಇಲ್ಲಿ ಬೆಂಕಿ ಬಿದ್ದರೂ ಒಂದು ನಕಲು ಉಳಿಯಲೆಂದು ಮಂಗಳವಾರ ಹನ್ನೊಂದಕ್ಕೆ ಆ ಟೇಪನ್ನು ರಸ್ತೆಯಾಚೆಯ ಹಳೇ ಕಟ್ಟಡದ ನಾಲ್ಕನೇ ಮಹಡಿಗೆ ಒಯ್ದು ಕಬ್ಬಿಣದ ಕಪಾಟಿನಲ್ಲಿಟ್ಟು, ಅಲ್ಲಿದ್ದ ಹಳೆಯದೊಂದನ್ನು ಮುಂದಿನ ಸೋಮವಾರ ಮತ್ತೆ ಬಳಸಲು ವಾಪಸ್ ತರಬೇಕು. ತಿಂಗಳ ಕೊನೆಯ ಟೇಪು ಮಾತ್ರ ಅಲ್ಲೇ ಒಂದು ವರ್ಷ ಉಳಿಯುತ್ತಿತ್ತು. ಒಯ್ಯುವವನು ಗಡಿಯಾರ.

ಗಡಿಯಾರ ಅವನ ಹೆಸರಲ್ಲ. ಇಪ್ಪತ್ತಾರು ವರ್ಷದಿಂದ ಕಡತ, ಪತ್ರ, ಪೆಟ್ಟಿಗೆ ಹೊತ್ತು ತಿರುಗುವ ಜವಾನ. ಹನ್ನೊಂದಕ್ಕೆ ಬರುತ್ತೇನೆಂದರೆ ಹನ್ನೊಂದೂ ಒಂದಕ್ಕೆ ಬಂದದ್ದಿಲ್ಲ. ನಿವೃತ್ತಿಗೆ ಎರಡು ವರ್ಷ ಬಾಕಿ.

ಕಪಾಟಿಗೆ ಬಿಸಿಲು ಬಿದ್ದು ಟೇಪು ಕೆಡುತ್ತದೋ ಏನೋ ನೋಡೋಣವೆಂದು ಮುಂದಿನ ಮಂಗಳವಾರ ಅವಳೂ ಹೊರಟಳು.

"ನೀವ್ಯಾಕೆ ಮೇಡಂ? ಲಿಫ್ಟ್ ಬೇರೆ ಕೆಟ್ಟಿದೆ," ಎಂದ ಗಡಿಯಾರ. ಮುಖ ಕಪ್ಪಿಟ್ಟಿತ್ತು.

"ಪರವಾಗಿಲ್ಲ ಅಣ್ಣ, ನಡೀರಿ."

ಎರಡು ಮಹಡಿ ಅವನು ಟೇಪಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಎದೆಗೊತ್ತಿಕೊಂಡು ಹತ್ತಿದ. ಮೂರನೆಯದರ ತಿರುವಿನಲ್ಲಿ ಎದುರಿನಿಂದ ಯಾರೋ ಇಳಿದು ಬಂದರು. ದಾರಿ ಬಿಡಲು ಎಡಗೈಯಲ್ಲಿ ಕಂಬಿ ಹಿಡಿದು, ಪೆಟ್ಟಿಗೆಯನ್ನು ಬಲಗೈಗೆ ಕೊಟ್ಟ. ಆ ಕೈ ಗಡಗಡ ನಡುಗಿತು. ಪೆಟ್ಟಿಗೆ ಜಾರಿ ಮೆಟ್ಟಿಲಿನ ಅಂಚಿಗೆ ಬಡಿದು, ಇನ್ನೆರಡು ಮೆಟ್ಟಿಲು ಉರುಳಿ ನಿಂತಿತು. ಅವನು ಇಳಿದು ಎತ್ತಿಕೊಂಡ. ಅವಳ ಕಡೆ ನೋಡಲಿಲ್ಲ.

ಅವಳು ಪೆಟ್ಟಿಗೆ ತೆರೆದು ಟೇಪನ್ನು ಕಿವಿಯ ಹತ್ತಿರ ಅಲ್ಲಾಡಿಸಿದಳು. ಒಳಗೆ ಕಟಕಟ ಎಂದಿತು. ಪಟ್ಟಿಯ ತುದಿಯಲ್ಲಿ ಒಂದು ಸಣ್ಣ ಲೋಹದ ಕಡ್ಡಿ ಇರುತ್ತದೆ; ಡ್ರೈವು ಅದನ್ನೇ ಹಿಡಿದು ಪಟ್ಟಿಯನ್ನು ಎಳೆಯಬೇಕು. ಅದು ಜಾಗ ತಪ್ಪಿ ಓರೆಯಾಗಿ ಬಿದ್ದಿತ್ತು.

"ಇದು ಮೊದಲ್ನೇ ಸಲ ಅಲ್ಲ, ಅಲ್ವಾ ಅಣ್ಣ?"

"ಅಲ್ಲ ಮೇಡಂ. ಡಬ್ಬಿ ಗಟ್ಟಿ ಇದೆಯಲ್ಲ, ಒಳಗಿರೋದಕ್ಕೆ ಏನಾಗತ್ತೆ ಅಂದ್ಕೊಂಡೆ. ಆಮೇಲೆ ನೀವು ಡ್ರೈವು ಡ್ರೈವು ಅಂತ ಒದ್ದಾಡೋದು ನೋಡ್ದಾಗ ಇದರಿಂದ್ಲೇ ಇರ್ಬೇಕು ಅನ್ನಿಸ್ತು. ಹೇಳೋಕೆ ಬಾಯಿ ಬರ್ಲಿಲ್ಲ."

"ಕೈಗೇನಾಗಿದೆ?"

"ಬೆಳಿಗ್ಗೆ ಪರವಾಗಿಲ್ಲ. ಹತ್ತು ಗಂಟೆ ಮೇಲೆ ನನ್ನ ಮಾತು ಕೇಳಲ್ಲ."

"ಡಾಕ್ಟ್ರಿಗೆ ತೋರಿಸಿದ್ರಾ?"

"ತೋರಿಸಿದ್ರೆ ಕೆಲಸಕ್ಕಾಗಲ್ಲ ಅಂತ ಬರೀತಾರೆ ಮೇಡಂ. ಬರೆದ್ರೆ ಮನೆಗೆ ಕಳಿಸ್ತಾರೆ."

ಹನ್ನೊಂದು ವಾರ, ಎಂದುಕೊಂಡಳು ಅವಳು. ಮೂರು ಸಲ ಎಂಜಿನಿಯರು, ಒಂದು ಇಡೀ ಡ್ರೈವು, ದಿನಾ ಬಾಗಿಲಲ್ಲಿ ಆ ನಿಟ್ಟುಸಿರು. ಕೂಗಾಡಬೇಕೆನ್ನಿಸಿತು. ಅದಕ್ಕೂ ತ್ರಾಣ ಬೇಕಲ್ಲ. "ನಡೀರಿ, ಕಪಾಟಿನಲ್ಲಿರೋದನ್ನೆಲ್ಲ ಕೆಳಗೆ ತಗೊಂಡು ಹೋಗೋಣ. ನಾನು ಹಿಡ್ಕೋತೀನಿ," ಎಂದಷ್ಟೇ ಹೇಳಿದಳು.

ಹದಿನಾರು ಟೇಪು. ಒಂದೊಂದನ್ನೂ ಪೂರ್ತಿ ಓದಿಸಿ ನೋಡಲು ಅರ್ಧ ದಿನ ಬೇಕು. ಎಂಟು ದಿನ ಅದೇ ಕೆಲಸವಾಯಿತು. ಐದು ಟೇಪು ಸತ್ತುಹೋಗಿದ್ದವು. ಅದರಲ್ಲಿ ಮೂರು, ವರ್ಷವಿಡೀ ಕಾಪಾಡಬೇಕಾಗಿದ್ದ ತಿಂಗಳ ಟೇಪುಗಳು. ಸರ್ವರ್ ಒಂದು ದಿನವೂ ಕೆಟ್ಟಿರಲಿಲ್ಲ, ಅದೊಂದು ಪುಣ್ಯ. ಚಿತ್ರಗಳೆಲ್ಲ ಅದರಲ್ಲಿದ್ದವು, ಹೊಸ ನಕಲು ಮಾಡಿಕೊಳ್ಳಬಹುದಿತ್ತು.

ಆದರೆ ಆ ಎಂಟು ದಿನ ಅವಳ ಮೇಜಿನ ಮೇಲೆ ಇನ್ನೊಂದು ಪುಸ್ತಕವಿತ್ತು. ಪ್ರತಿ ತಿಂಗಳೂ ಕಪಾಟಿನಿಂದ ಒಂದು ಟೇಪು ತರಿಸಿ ಓದಿಸಿ ಪರೀಕ್ಷೆ ಮಾಡಬೇಕು, ಮಾಡಿದ್ದಕ್ಕೆ ಗುರುತು ಹಾಕಿ ಸಹಿ ಮಾಡಬೇಕು. ಕಳೆದ ಆರು ತಿಂಗಳೂ ಗುರುತಿತ್ತು, ಸಹಿಯಿತ್ತು. ಪರೀಕ್ಷೆ ಒಂದು ಸಲವೂ ಆಗಿರಲಿಲ್ಲ. ನಾಳೆ ಮಾಡಿದರಾಯಿತು ಎಂದು ಗುರುತು ಹಾಕಿದ್ದಳು, ನಾಳೆ ಇನ್ನೇನೋ ಬರುತ್ತಿತ್ತು. ಒಂದು ತಿಂಗಳು ಸರಿಯಾಗಿ ಮಾಡಿದ್ದರೆ ಡ್ರೈವು ಬದಲಾಯಿಸುವ ಪ್ರಮೇಯವೇ ಬರುತ್ತಿರಲಿಲ್ಲ. ಗಡಿಯಾರನ ಮೇಲೆ ಕೋಪ ಬಂದಾಗಲೆಲ್ಲ ಆ ಆರು ಸಹಿಗಳು ಕಣ್ಣಿಗೆ ಬೀಳುತ್ತಿದ್ದವು. ಪುಸ್ತಕ ಮುಚ್ಚಿಟ್ಟಳು, ಕಡತಗಳ ಕೆಳಗಿಟ್ಟಳು, ಮತ್ತೆ ತೆಗೆದಳು.

ಒಂಬತ್ತನೇ ದಿನ ಮುಖ್ಯಸ್ಥರ ಕೋಣೆಗೆ ಹೋದಳು. ವರದಿ ಓದಿ ಅವರು ಕೇಳಿದರು: "ಬೀಳಿಸಿದ್ದು ಗಡಿಯಾರ ತಾನೆ?"

"ಹೌದು ಸರ್. ಕೈ ನಡುಗತ್ತೆ ಅವರಿಗೆ. ಇನ್ನೊಂದಿದೆ." ಪುಸ್ತಕವನ್ನು ಮುಂದಿಟ್ಟಳು. "ಇದರಲ್ಲಿ ಆರು ತಿಂಗಳದ್ದು ನಾನು ನೋಡದೇ ಸಹಿ ಹಾಕಿದೀನಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀವು ಹೇಳದೇ ಇದ್ದಿದ್ರೆ ಇದು ನನಗೆ ಗೊತ್ತೇ ಆಗ್ತಿರ್ಲಿಲ್ಲ."

"ಹೂಂ ಸರ್."

"ನೋಟಿಸ್ ಕೊಡದೇ ಬೇರೆ ದಾರಿ ಇಲ್ಲ ನನಗೆ."

"ಕೊಡಿ ಸರ್. ಅಣ್ಣನನ್ನ ಮನೆಗೆ ಕಳಿಸಬೇಡಿ. ಹೊರೋ ಕೆಲಸ ತಪ್ಪಿಸಿದ್ರೆ ಸಾಕು."

ನೋಟಿಸ್ ಎರಡು ದಿನದಲ್ಲಿ ಬಂತು. ಓದಿ, ಕೆಳಗೆ ಸಹಿ ಹಾಕಿ, ಒಂದು ಪ್ರತಿಯನ್ನು ತಾನೇ ಕಡತಕ್ಕೆ ಸೇರಿಸಿದಳು. ಗಡಿಯಾರನನ್ನು ಹೊರರೋಗಿಗಳಿಗೆ ದಾರಿ ಹೇಳುವ ಮೇಜಿಗೆ ಹಾಕಿದರು. ಅದಕ್ಕೂ ಮೊದಲು ಅವಳೇ ಅವನನ್ನು ನರರೋಗದ ಡಾಕ್ಟರ ಸಾಲಿನಲ್ಲಿ ಕೂರಿಸಿ, ಸರದಿ ಬರುವ ತನಕ ಪಕ್ಕದಲ್ಲಿ ತೂಕಡಿಸುತ್ತ ಕೂತಿದ್ದಳು. ಹೆದರುವಂಥ ಕಾಯಿಲೆಯಲ್ಲ ಎಂದರು ಡಾಕ್ಟರು. ಮಾತ್ರೆ ಬರೆದರು. ನಡುಕ ಕಡಿಮೆಯಾಗಬಹುದು, ಪೂರ್ತಿ ಹೋಗಲಾರದು.

ಸೋಮವಾರದ ಬ್ಯಾಕಪ್ ಹೊಸ ಟೇಪಿನಲ್ಲಿ ಸುಸೂತ್ರವಾಗಿ ಮುಗಿಯಿತು. "ಆಯ್ತಾ?" ಎಂದರು ಬಾಗಿಲಲ್ಲಿ ಮುಖ್ಯಸ್ಥರು. "ಆಯ್ತು ಸರ್" ಎಂದಳು. "ಹಂಗಾದ್ರೆ ಮೇಲಿನ ಪ್ರಿಂಟರ್ ಸ್ವಲ್ಪ ನೋಡ್ಬಿಡಿ" ಎಂದು ಅವರು ಹೋದರು. ಕುಣಿಯುವಷ್ಟು ಖುಷಿಯಾಗಬೇಕಿತ್ತು. ಒಂದು ಗಳಿಗೆ ಕಣ್ಣು ಮುಚ್ಚಿ ಕೂತಳು, ಅಷ್ಟೆ.

ಟೇಪು ಹೊರಲು ಬೇರೆ ಜನವಿಲ್ಲವೆಂದು ಆ ಕೆಲಸವೂ ಅವಳ ಹೆಗಲಿಗೇ ಬಂತು. ಸ್ಪಂಜು ತುಂಬಿಸಿದ ಚೀಲವೊಂದನ್ನು ತರಿಸಿಕೊಂಡು ಮಂಗಳವಾರ ಹೊರಟಾಗ, ಕಪಾಟಿನ ಬೀಗ ಬಿಗಿ, ಅದರ ಮರ್ಜಿ ತನಗೇ ಗೊತ್ತು ಎಂದು ಗಡಿಯಾರ ಜೊತೆಗೆ ಬಂದ. ಬರಿಗೈಯಲ್ಲಿ ಅವನು ಸಲೀಸಾಗಿ ಹತ್ತುತ್ತಿದ್ದ. ಎರಡನೇ ಮಹಡಿಗೇ ಅವಳಿಗೆ ಏದುಸಿರು ಬಂತು. ಅವನು ತಿರುಗಿ ನೋಡಿದ.

"ನನ್ನ ಕೈಗೆ ಕೊಡಿ ಅಂತ ಕೇಳಲ್ಲ ಮೇಡಂ," ಎಂದ. "ಒಂದ್ನಿಮಿಷ ಕೂತ್ಕೊಳ್ಳಿ ಅಂತೀನಿ, ಅಷ್ಟೆ."

ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಳು. ಅವನು ಒಂದು ಮೆಟ್ಟಿಲು ಕೆಳಗೆ, ಗೋಡೆಗೆ ಒರಗಿ ಕೂತ. ಉಸಿರು ಹದಕ್ಕೆ ಬಂದ ಮೇಲೆ ಎದ್ದು ಉಳಿದೆರಡು ಮಹಡಿ ಹತ್ತಿದರು.